ಎಂಟು ಮ್ಯಾಚ್, ಇಬ್ಬರು ಗಿರಾಕಿ: ರಗ್ಬಿ ಲೀಗ್‌ನ ಟಿವಿ ಚೌಕಾಸಿ

ಹೋದ ಬೇಸಿಗೆ ರಜೆಗೆ ಊರಿಗೆ ಹೋಗಿದ್ದಾಗ ಅಜ್ಜ ಒಂದು ಸಂಜೆ "ಆರ್‌ಸಿಬಿ ಮ್ಯಾಚ್ ಹಾಕೋ" ಅಂದ್ರು. ಮನೇಲಿ ಇರೋದು ಡಿಡಿ ಫ್ರೀ ಡಿಶ್. ಎಲ್ಲಾ ಚಾನೆಲ್ ತಿರುಗಿಸಿದೆ, ಸಿಗಲಿಲ್ಲ. "ಇಂಡಿಯಾ ಆಡೋದು ಬರತ್ತೆ, ಇದ್ಯಾಕೆ ಬರಲ್ಲ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಫೋನಲ್ಲಿ ಹಾಕಿಕೊಟ್ಟೆ. ಬಾಲೇ ಕಾಣಲ್ಲ ಅಂತ ಎರಡು ಓವರ್ ಆದ್ಮೇಲೆ ಎದ್ದು ಹೋದ್ರು.

ಈ ಸೆಮಿಸ್ಟರ್‌ನಲ್ಲಿ ಮ್ಯಾನೇಜ್‌ಮೆಂಟ್ ಪೇಪರ್‌ಗೆ ಸೆಮಿನಾರ್ ಕೊಡಬೇಕಿತ್ತು, ವಿಷಯ ವ್ಯಾಪಾರದ ಮಾತುಕತೆ. ಅಜ್ಜನ ಪ್ರಶ್ನೆ ತಲೆಯಲ್ಲಿದ್ದದ್ದರಿಂದ ಐಪಿಎಲ್ ಪ್ರಸಾರ ಹಕ್ಕು ತಗೊಳ್ಳೋಣ ಅಂದ್ಕೊಂಡೆ. ಆದ್ರೆ ನಮ್ಮ ಸೆಕ್ಷನ್‌ನಲ್ಲಿ ಆಗಲೇ ನಾಲ್ಕು ಜನ ಐಪಿಎಲ್ ತಗೊಂಡಿದ್ರು. ಬೇರೆ ಏನಾದ್ರೂ ನೋಡು ಅಂದ್ರು ಮೇಡಂ. ಹಾಗೆ ಹುಡುಕ್ತಾ ಸಿಕ್ಕಿದ್ದು ಆಸ್ಟ್ರೇಲಿಯಾದ ರಗ್ಬಿ ಲೀಗ್. ಆ ಆಟ ನಾನು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಅದರ ಟಿವಿ ಡೀಲ್‌ಗಳ ಕಥೆ ಮಾತ್ರ ಓದ್ತಾ ಹೋದ್ರೆ ನಿಲ್ಲಿಸೋಕೆ ಆಗಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿಯಲ್ಲಿ ಎರಡು ಜಾತಿ ಇದೆ. ಒಂದು ಯೂನಿಯನ್, ತಂಡಕ್ಕೆ 15 ಜನ. ಇನ್ನೊಂದು ಲೀಗ್, 13 ಜನ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಇವೆರಡು ಬೇರೆಯಾಗಿದ್ದೇ ದುಡ್ಡಿನ ವಿಷಯಕ್ಕೆ. ಗಣಿ, ಮಿಲ್ಲುಗಳಲ್ಲಿ ಕೆಲಸ ಮಾಡೋ ಆಟಗಾರರು ಮ್ಯಾಚ್ ಆಡೋಕೆ ಬಂದ್ರೆ ಆ ದಿನದ ಕೂಲಿ ಹೋಗ್ತಿತ್ತು. ಅದನ್ನ ಕ್ಲಬ್ ತುಂಬಿಕೊಡಬಹುದಾ ಬೇಡವಾ ಅಂತ ಜಗಳ. ತುಂಬಿಕೊಡಬೇಕು ಅಂದ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹೊರಗೆ ಬಂದವು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಈ ಲೀಗ್ 1908ರಲ್ಲಿ ಶುರುವಾಯಿತು. ಇವತ್ತು ಅದರ ಹೆಸರು ಎನ್‌ಆರ್‌ಎಲ್. ಸಿಡ್ನಿ, ಬ್ರಿಸ್ಬೇನ್ ಕಡೆ ಇದೇ ದೊಡ್ಡ ಆಟ. ಮೆಲ್ಬರ್ನ್ ಕಡೆ ಹೋದ್ರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಅಂದ್ರೆ ಎಎಫ್‌ಎಲ್. ಈ ಎರಡಕ್ಕೂ ಜಿದ್ದು. ಮುಂದೆ ಇದು ಬೇಕಾಗತ್ತೆ, ನೆನಪಿಟ್ಕೊಳ್ಳಿ.

ಈಗ ವ್ಯಾಪಾರಕ್ಕೆ ಬರೋಣ. ಐಪಿಎಲ್‌ನಲ್ಲಿ ಏನಾಗತ್ತೆ? 2022ರ ಜೂನ್‌ನಲ್ಲಿ ಬಿಸಿಸಿಐ ಆನ್‌ಲೈನ್ ಹರಾಜು ಮಾಡ್ತು. ಟಿವಿ ಹಕ್ಕು 23,575 ಕೋಟಿಗೆ ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ 20,500 ಕೋಟಿಗೆ ವಯಾಕಾಮ್18ಗೆ. ಉಳಿದ ಪ್ಯಾಕೇಜುಗಳೂ ಸೇರಿ ಐದು ವರ್ಷಕ್ಕೆ 48,390 ಕೋಟಿ ರೂಪಾಯಿ. ಮಾರೋರು ಸುಮ್ನೆ ಕೂತ್ಕೊಂಡ್ರೂ ರೇಟು ಏರತ್ತೆ, ಯಾಕಂದ್ರೆ ಕೊಳ್ಳೋಕೆ ಜನ ಇದ್ದಾರೆ.

ರಗ್ಬಿ ಲೀಗ್‌ಗೆ ಆ ಭಾಗ್ಯ ಇಲ್ಲ. ದೇಶ ದೊಡ್ಡದು, ಜನ ಕಮ್ಮಿ, ಗಂಭೀರವಾಗಿ ಕೊಳ್ಳೋ ಕಂಪನಿಗಳನ್ನ ಬೆರಳಲ್ಲಿ ಎಣಿಸಬಹುದು. ಅದಕ್ಕೇ ಅಲ್ಲಿ ಕೋಣೆಯಲ್ಲಿ ಎದುರುಬದುರು ಕೂತು ಚೌಕಾಸಿ. ಇನ್ನೊಂದು ತೊಂದರೆ ಆಟದ ಸ್ವರೂಪದ್ದು. ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗೆಲ್ಲ ಜಾಹೀರಾತು ತೂರಿಸಬಹುದು. ರಗ್ಬಿ ಲೀಗ್ 40 ನಿಮಿಷದ ಎರಡು ಭಾಗ, ಆಟ ನಿಲ್ಲೋದೇ ಅಪರೂಪ. ಯಾರಾದ್ರೂ ಟ್ರೈ ಹೊಡೆದಾಗ, ಮತ್ತೆ ಹಾಫ್‌ಟೈಮ್‌ನಲ್ಲಿ ಮಾತ್ರ ಜಾಗ ಸಿಗೋದು. ಹಾಗಾಗಿ ಬರೀ ಜಾಹೀರಾತಿನಿಂದ ಬದುಕೋ ಫ್ರೀ ಚಾನೆಲ್‌ಗೂ, ತಿಂಗಳ ಚಂದಾ ವಸೂಲಿ ಮಾಡೋ ಪೇ ಟಿವಿಗೂ ಅದೇ ಮ್ಯಾಚಿನ ಬೆಲೆ ಬೇರೆ ಬೇರೆ. ಫ್ರೀ ಚಾನೆಲ್‌ಗೆ ಬೇಕಿರೋದು ಲಕ್ಷಾಂತರ ಜನ ಒಟ್ಟಿಗೆ ಕೂರೋ ಮೂರು ನಾಲ್ಕು ರಾತ್ರಿ. ಪೇ ಟಿವಿಗೆ ಬೇಕಿರೋದು "ಇದು ನಮ್ಮಲ್ಲಿ ಬಿಟ್ರೆ ಬೇರೆಲ್ಲೂ ಸಿಗಲ್ಲ" ಅನ್ನೋ ಮ್ಯಾಚುಗಳು. 16 ತಂಡ ಇದ್ರೆ ವಾರಕ್ಕೆ ಎಂಟು ಮ್ಯಾಚ್. ಆ ಎಂಟನ್ನ ಇವರಿಬ್ಬರ ನಡುವೆ ಹಂಚೋದೇ ಇಡೀ ಚೌಕಾಸಿ.

ಇದರ ಮೇಲೆ ಒಂದು ಕಾನೂನು ಬೇರೆ. ಆಸ್ಟ್ರೇಲಿಯಾದ 1992ರ ಪ್ರಸಾರ ಕಾಯ್ದೆಯ ಪ್ರಕಾರ ಸರ್ಕಾರ ಒಂದು ಪಟ್ಟಿ ಮಾಡತ್ತೆ. ಪಟ್ಟಿಯಲ್ಲಿರೋ ಆಟವನ್ನ ಫ್ರೀ ಚಾನೆಲ್‌ಗಿಂತ ಮೊದಲು ಪೇ ಟಿವಿ ಕೊಳ್ಳೋ ಹಾಗಿಲ್ಲ. ಎನ್‌ಆರ್‌ಎಲ್ ಫೈನಲ್, ಆಮೇಲೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವಿನ ಸ್ಟೇಟ್ ಆಫ್ ಆರಿಜಿನ್ ಪಂದ್ಯಗಳು ಅದರಲ್ಲಿವೆ. ನಮ್ಮಲ್ಲೂ 2007ರ ಒಂದು ಕಾಯ್ದೆ ಇದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನ ಖಾಸಗಿ ಚಾನೆಲ್ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಇಂಡಿಯಾ ಮ್ಯಾಚ್ ಅಜ್ಜನ ಡಿಶ್‌ಗೆ ಬರೋದು ಹಾಗೆ. ಆರ್‌ಸಿಬಿ ಮ್ಯಾಚ್‌ಗೆ ಆ ಮಹತ್ವ ಇಲ್ಲವಂತೆ! ಇದನ್ನ ಬೆಂಗಳೂರಲ್ಲಿ ಜೋರಾಗಿ ಹೇಳಬೇಡಿ.

ಕಥೆ ನಿಜವಾಗಿ ಬಿಸಿ ಏರಿದ್ದು 1995ರಲ್ಲಿ. ಆಸ್ಟ್ರೇಲಿಯಾಕ್ಕೆ ಪೇ ಟಿವಿ ಕಾಲಿಟ್ಟ ವರ್ಷ ಅದು. ಒಂದು ಕಡೆ ಆಪ್ಟಸ್ ವಿಷನ್, ಅದರಲ್ಲಿ ಕೆರಿ ಪ್ಯಾಕರ್ ಪಾಲು. ಹೆಸರು ಕೇಳಿದ ಹಾಗಿದ್ಯಾ? ಕ್ರಿಕೆಟ್ ಬೋರ್ಡು ಟಿವಿ ಹಕ್ಕು ಕೊಡಲಿಲ್ಲ ಅಂತ 1977ರಲ್ಲಿ ಆಟಗಾರರನ್ನೇ ಕೊಂಡು ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿದ ಆಸಾಮಿ ಇವರೇ. ಇನ್ನೊಂದು ಕಡೆ ರೂಪರ್ಟ್ ಮರ್ಡಾಕ್‌ರ ನ್ಯೂಸ್ ಕಂಪನಿ ಮತ್ತು ಟೆಲ್‌ಸ್ಟ್ರಾ ಸೇರಿ ಕಟ್ಟಿದ ಫಾಕ್ಸ್‌ಟೆಲ್. ಇಬ್ಬರೂ ಮನೆಮನೆಗೆ ಕೇಬಲ್ ಎಳೆಯೋಕೆ ಶುರು ಮಾಡಿದ್ರು. ಎಷ್ಟೋ ಬೀದಿಗಳಲ್ಲಿ ಒಬ್ಬರದು ಕಂಬದ ಮೇಲೆ, ಇನ್ನೊಬ್ಬರದು ನೆಲದಡಿ, ಅದೇ ಬೀದಿ ಅದೇ ಮನೆಗಳು! ನಮ್ಮ ಇಸಿ ಬ್ರಾಂಚಿನವರು ಇದನ್ನ ಓದಿ ಅಳಬಹುದು. ಅಷ್ಟು ದುಡ್ಡು ನೆಲಕ್ಕೆ ಸುರಿದ ಮೇಲೆ ಜನ ಕನೆಕ್ಷನ್ ತಗೋಬೇಕಲ್ಲ? ಅದಕ್ಕೆ ಆಟ ಬೇಕು. ರಗ್ಬಿ ಲೀಗ್‌ನ ಫ್ರೀ ಟಿವಿ, ಪೇ ಟಿವಿ ಎರಡೂ ಹಕ್ಕು ಪ್ಯಾಕರ್ ಕೈಯಲ್ಲಿ ಭದ್ರವಾಗಿತ್ತು.

ಆಗ ಮರ್ಡಾಕ್ ಕಡೆಯವರು ಹಕ್ಕನ್ನ ಬಿಟ್ಟು ಆಟವನ್ನೇ ಕೊಳ್ಳೋಕೆ ಹೊರಟರು. 1995ರ ಏಪ್ರಿಲ್ ಹೊತ್ತಿಗೆ ರಾತ್ರೋರಾತ್ರಿ ಆಟಗಾರರಿಂದ, ಕೋಚ್‌ಗಳಿಂದ ಕರಾರಿಗೆ ಸಹಿ ಹಾಕಿಸಿಕೊಂಡು ಸೂಪರ್ ಲೀಗ್ ಅನ್ನೋ ಹೊಸ ಟೂರ್ನಿ ಘೋಷಿಸಿದರು. ಹಳೇ ಲೀಗ್ ಕೂಡ ಪ್ಯಾಕರ್ ಬೆಂಬಲದಿಂದ ಎದುರು ದುಡ್ಡು ಸುರಿದು ಆಟಗಾರರನ್ನ ಹಿಡಿದಿಟ್ಟುಕೊಂಡಿತು. ಕೋರ್ಟ್ ಮೊದಲು ಸೂಪರ್ ಲೀಗ್‌ನ ತಡೆಯಿತು, 1996ರ ಅಕ್ಟೋಬರ್‌ನಲ್ಲಿ ಅಪೀಲಿನಲ್ಲಿ ಅದು ಉಲ್ಟಾ ಆಯಿತು. 1997ರಲ್ಲಿ ಒಂದೇ ಆಟಕ್ಕೆ ಎರಡು ಲೀಗ್, ಒಂದರಲ್ಲಿ 12 ತಂಡ, ಇನ್ನೊಂದರಲ್ಲಿ 10. ಆ ವರ್ಷದ ಕೊನೆಗೆ ಎರಡೂ ಕಡೆಯವರಿಗೆ ಸುಸ್ತಾಗಿ ರಾಜಿ ಮಾಡ್ಕೊಂಡ್ರು, 1998ಕ್ಕೆ ಎನ್‌ಆರ್‌ಎಲ್ ಹುಟ್ಟಿತು, ಅರ್ಧ ಪಾಲು ನ್ಯೂಸ್‌ನದು. ಅಂದ್ರೆ ಹಕ್ಕು ಕೊಳ್ಳೋ ಕಂಪನಿಯೇ ಹಕ್ಕು ಮಾರೋ ಸಂಸ್ಥೆಯ ಅರ್ಧ ಮಾಲೀಕ. ಮೇಜಿನ ಎರಡೂ ಕಡೆ ಒಬ್ಬರೇ ಕೂತರೆ ರೇಟು ಹೇಗೆ ಏರತ್ತೆ? ಈ ವ್ಯವಸ್ಥೆ 2012ರವರೆಗೂ ನಡೀತು ಅನ್ನೋದು ನನಗೆ ಈಗಲೂ ಜೀರ್ಣ ಆಗಿಲ್ಲ.

ರಾಜಿಯ ಷರತ್ತು ಏನು ಗೊತ್ತಾ? 20 ತಂಡವನ್ನ 14ಕ್ಕೆ ಇಳಿಸೋದು. ಹಾಗೆ 1999ರ ಕೊನೆಗೆ ಹೊರಗೆ ಬಿದ್ದಿದ್ದು ಸೌತ್ ಸಿಡ್ನಿ, 1908ರ ಮೊದಲ ಟೂರ್ನಿಯಿಂದ ಇದ್ದ ಕ್ಲಬ್ಬು. ಅಭಿಮಾನಿಗಳು ಸುಮ್ನಿರಲಿಲ್ಲ. ಸಿಡ್ನಿಯ ಬೀದಿಗೆ ಹತ್ತಾರು ಸಾವಿರ ಜನ ಇಳಿದರು, ಕೋರ್ಟಿಗೂ ಹೋದರು, 2002ಕ್ಕೆ ತಂಡ ವಾಪಸ್ ಬಂತು. 2014ರಲ್ಲಿ ಕಪ್ಪನ್ನೂ ಗೆದ್ದಿತು. ಆ ಕ್ಲಬ್ಬಿನ ಜನ ಯಾವ ಮಾತುಕತೆಯ ಕೋಣೆಯಲ್ಲೂ ಕೂತಿರಲಿಲ್ಲ. ಬೆಲೆ ಕಟ್ಟಿದ್ದು ಮಾತ್ರ ಅವರೇ. ಇಂಗ್ಲೆಂಡಿನಲ್ಲೂ ಅದೇ 1995ರಲ್ಲಿ ಮರ್ಡಾಕ್ ದುಡ್ಡು, ಐದು ವರ್ಷಕ್ಕೆ 8.7 ಕೋಟಿ ಪೌಂಡ್, ಬಂದಿದ್ದೇ ತಡ ನೂರು ವರ್ಷ ಚಳಿಗಾಲದಲ್ಲಿ ಆಡಿದ ಆಟ 1996ಕ್ಕೆ ಬೇಸಿಗೆಗೆ ಹೋಯಿತು.

2012ರಲ್ಲಿ ನ್ಯೂಸ್ ಹೊರಗೆ ಹೋಗಿ ಸ್ವತಂತ್ರ ಕಮಿಷನ್ ಬಂತು. ಅದೇ ವರ್ಷ ಹೊಸ ಡೀಲ್: ಐದು ವರ್ಷಕ್ಕೆ 102.5 ಕೋಟಿ ಆಸ್ಟ್ರೇಲಿಯನ್ ಡಾಲರ್, ಫ್ರೀ ಟಿವಿ ನೈನ್‌ಗೆ, ಪೇ ಟಿವಿ ಫಾಕ್ಸ್‌ಗೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ಕರಾರಿನಲ್ಲಿ ನೈನ್‌ಗೆ 'ಕೊನೇ ಮಾತಿನ ಹಕ್ಕು' ಇತ್ತು. ಅಂದ್ರೆ ಬೇರೆ ಯಾರೇ ರೇಟು ಕೂಗಲಿ, ಅಷ್ಟೇ ಕೊಟ್ಟು ನಾನೇ ಇಟ್ಕೋತೀನಿ ಅನ್ನಬಹುದು. ಕೇಳೋಕೆ ಸಣ್ಣ ಕಲಂ. ಆದ್ರೆ ಗೆಲ್ಲೋದೇ ಕಷ್ಟ ಅಂತ ಗೊತ್ತಿದ್ದರೆ ಹೊರಗಿನವರು ಮೈಮುರಿದು ಲೆಕ್ಕ ಹಾಕಿ ಬಿಡ್ ಮಾಡೋದ್ಯಾಕೆ?

ನನ್ನ ಸೆಮಿನಾರಿನ ಮುಖ್ಯ ಭಾಗ 2015. ಆಗ ಎನ್‌ಆರ್‌ಎಲ್ ಮುಖ್ಯಸ್ಥ ಡೇವ್ ಸ್ಮಿತ್, ಬ್ಯಾಂಕಿಂಗ್‌ನಿಂದ ಬಂದವರು. ಆಗಸ್ಟ್‌ನಲ್ಲಿ ಅವರು ಫಾಕ್ಸ್‌ಗೆ ಕಾಯದೆ ನೈನ್ ಜೊತೆ ಫ್ರೀ ಟಿವಿ ಡೀಲ್ ಮುಗಿಸಿಬಿಟ್ಟರು. 2018ರಿಂದ ಐದು ವರ್ಷಕ್ಕೆ 92.5 ಕೋಟಿ ಡಾಲರ್. ನೈನ್‌ಗೆ ವಾರಕ್ಕೆ ನಾಲ್ಕು ಮ್ಯಾಚ್, ಶನಿವಾರ ರಾತ್ರಿಯದೂ ಸೇರಿ. ಮೊದಲ ದಿನ ಎಲ್ಲರೂ ಭೇಷ್ ಅಂದ್ರು. ಲೆಕ್ಕ ಸರಿಯಾಗೇ ಇತ್ತು: ಒಬ್ಬನಿಂದ ದೊಡ್ಡ ಮೊತ್ತ ಖಾತ್ರಿ ಮಾಡ್ಕೊಂಡ್ರೆ ಇನ್ನೊಬ್ಬನ ಹತ್ರ ಗಟ್ಟಿಯಾಗಿ ಕೂರಬಹುದು. ಆದ್ರೆ ಒಳ್ಳೇ ರಾತ್ರಿಗಳನ್ನೆಲ್ಲ ನೈನ್‌ಗೆ ಕೊಟ್ಟಮೇಲೆ ಫಾಕ್ಸ್‌ಗೆ ಮಾರೋಕೆ ಉಳಿದಿದ್ದು ಮಿಕ್ಕಿದ ನಾಲ್ಕು. "ನಮ್ಮಲ್ಲಿ ಬಿಟ್ರೆ ಸಿಗಲ್ಲ" ಅನ್ನೋ ಸರಕು ಕರಗಿಹೋಗಿತ್ತು.

ಕೆಲವೇ ದಿನಕ್ಕೆ ಮರ್ಡಾಕ್ ಖುದ್ದಾಗಿ ಎಎಫ್‌ಎಲ್‌ನ ವೇದಿಕೆ ಮೇಲೆ ಕಾಣಿಸಿಕೊಂಡರು. ಜಿದ್ದಿನ ಆಟ ಅಂದಿದ್ನಲ್ಲ, ಅದೇ. ಆರು ವರ್ಷಕ್ಕೆ ಸುಮಾರು 250 ಕೋಟಿ ಡಾಲರ್ ಡೀಲು, ಅದರಲ್ಲಿ ಫಾಕ್ಸ್‌ಟೆಲ್ ಪಾಲು ದೊಡ್ಡದು. ಗಿರಾಕಿ ಎದುರಿನ ಅಂಗಡಿಗೆ ಹೋಗಿ, ಎಲ್ಲರಿಗೂ ಕಾಣೋ ಹಾಗೆ ದೊಡ್ಡ ಬ್ಯಾಗ್ ಹಿಡ್ಕೊಂಡು ಆಚೆ ಬಂದ ಹಾಗಾಯಿತು. ನಮ್ಮ ಪಠ್ಯದಲ್ಲಿ ಬ್ಯಾಟ್ನಾ ಅಂತ ಒಂದು ಪದ ಇದೆ, ಮಾತುಕತೆ ಮುರಿದರೆ ನಿನ್ನ ಹತ್ರ ಬೇರೆ ಏನು ದಾರಿ ಇದೆ ಅನ್ನೋದು. ಎನ್‌ಆರ್‌ಎಲ್ ತನ್ನ ದಾರಿ ಲೆಕ್ಕ ಹಾಕಿತ್ತು, ಫಾಕ್ಸ್‌ಗೂ ಒಂದು ದಾರಿ ಇದೆ ಅನ್ನೋದನ್ನ ಸಾಕಷ್ಟು ತೂಗಲಿಲ್ಲ ಅಂತ ನನಗನ್ನಿಸತ್ತೆ.

ಸ್ಮಿತ್ ಅಕ್ಟೋಬರ್‌ನಲ್ಲಿ ರಾಜೀನಾಮೆ ಘೋಷಿಸಿದರು. ನವೆಂಬರ್ ಕೊನೆಗೆ ಎಲ್ಲ ಸೇರಿ ಐದು ವರ್ಷಕ್ಕೆ 180 ಕೋಟಿ ಡಾಲರ್‌ಗೆ ಒಪ್ಪಂದ ಆಯಿತು. ಅದಕ್ಕಾಗಿ ನೈನ್ ಜೊತೆಗಿನ ಕರಾರನ್ನೇ ತಿದ್ದಬೇಕಾಯಿತು. ಶನಿವಾರ ರಾತ್ರಿ ಫಾಕ್ಸ್‌ಗೆ ವಾಪಸ್, ನೈನ್‌ಗೆ ವಾರಕ್ಕೆ ಮೂರೇ. ಭಾಗಿಸಿ ನೋಡಿ: ಎನ್‌ಆರ್‌ಎಲ್‌ಗೆ ವರ್ಷಕ್ಕೆ 36 ಕೋಟಿ, ಎಎಫ್‌ಎಲ್‌ಗೆ ಹತ್ತಿರ ಹತ್ತಿರ 42 ಕೋಟಿ. ಹಾಗಂತ ಪೂರ್ತಿ ಸೋಲು ಅಂತಲೂ ಹೇಳೋಕಾಗಲ್ಲ, 2012ರ ವರ್ಷದ ಲೆಕ್ಕ 20.5 ಕೋಟಿ ಇತ್ತು.

ಆಮೇಲೆ ಕೊರೊನಾ. 2020ರ ಸೀಸನ್ ಎರಡೇ ಸುತ್ತಿಗೆ ನಿಂತಿತು. ಮ್ಯಾಚ್ ಇಲ್ಲ ಅಂದ್ರೆ ಕಂತು ಇಲ್ಲ. ಆಪತ್ತಿಗೆ ಅಂತ ಕೂಡಿಟ್ಟಿದ್ದು ಸಾಲದು ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಏಪ್ರಿಲ್‌ನಲ್ಲಿ ನೈನ್ ಬಹಿರಂಗವಾಗಿಯೇ "ಬಂದ ದುಡ್ಡು ದುಂದು ಮಾಡಿದ್ರಿ" ಅನ್ನೋ ಅರ್ಥದಲ್ಲಿ ಬೈತು. ಕಮಿಷನ್ ಅಧ್ಯಕ್ಷ ಪೀಟರ್ ವಿಲ್ಯಾಂಡಿಸ್ ಮೇ 28ಕ್ಕೆ ಆಟ ಶುರು ಅಂತ ಹಟ ಹಿಡಿದು ಶುರು ಮಾಡಿಯೂ ಬಿಟ್ಟರು. ನ್ಯೂಜಿಲೆಂಡಿನ ವಾರಿಯರ್ಸ್ ತಂಡ ಮೇ ಮೊದಲ ವಾರವೇ ಹೆಂಡ್ತಿ ಮಕ್ಕಳನ್ನ ಬಿಟ್ಟು ಆಸ್ಟ್ರೇಲಿಯಾಕ್ಕೆ ಹಾರಿ, ಟ್ಯಾಮ್‌ವರ್ತ್ ಅನ್ನೋ ಊರಲ್ಲಿ ಕ್ವಾರಂಟೈನ್ ಆಯಿತು. ಯಾಕೆ? 16 ತಂಡ ಇಲ್ಲದಿದ್ರೆ ಎಂಟು ಮ್ಯಾಚ್ ಆಗಲ್ಲ. ಎಂಟು ಆಗದಿದ್ರೆ ಟಿವಿಯವರು ಕೊಡೋದು ಇನ್ನೂ ಕಮ್ಮಿ. ಹೊಸ ಕರಾರಿನಲ್ಲಿ ಟಿವಿಯವರು ಬೆಲೆ ಇಳಿಸಿದರು, ಬದಲಿಗೆ ಫಾಕ್ಸ್‌ಟೆಲ್ 2027ರವರೆಗೆ ಉಳಿಯೋಕೆ ಒಪ್ಪಿತು. ಆಟ ವೇಗವಾಗಲಿ ಅಂತ ಸೀಸನ್ ನಡುವೆಯೇ ನಿಯಮ ಬದಲಾಯಿತು, ಇಬ್ಬರಿದ್ದ ರೆಫರಿ ಒಬ್ಬರಾದರು. ಇದಕ್ಕೆ ರೆಫರಿಗಳು ವಿರೋಧ ಮಾಡಿದ್ರೂ ಪ್ರಯೋಜನ ಆಗಲಿಲ್ಲ.

ಸೆಮಿನಾರ್‌ನಲ್ಲಿ ಮೇಡಂ ಒಂದು ಪ್ರಶ್ನೆ ಕೇಳಿದ್ರು: ಗಿರಾಕಿ ಹೆಚ್ಚಾಗದಿದ್ರೆ ಮಾರೋರು ಏನು ಮಾಡಬಹುದು? ನಾನು ಸರಕು ಹೆಚ್ಚಿಸಬಹುದು ಅಂದೆ. 2023ರಲ್ಲಿ ಡಾಲ್ಫಿನ್ಸ್ 17ನೇ ತಂಡವಾಗಿ ಬಂತು. ಬೆಸ ಸಂಖ್ಯೆ, ವಾರಕ್ಕೆ ಒಂದು ತಂಡಕ್ಕೆ ರಜೆ, ಮ್ಯಾಚ್ ಎಂಟೇ. ಆದ್ರೆ ಸೀಸನ್ 25 ಸುತ್ತಿಂದ 27ಕ್ಕೆ ಉದ್ದವಾಗಿ ಒಟ್ಟು ಪಂದ್ಯ 192ರಿಂದ 204 ಆಯಿತು. 2027ಕ್ಕೆ ಪರ್ತ್‌ನ ತಂಡ 18ನೆಯದಾಗಿ ಸೇರಬೇಕು, ಆಗ ವಾರಕ್ಕೆ ಒಂಬತ್ತನೇ ಮ್ಯಾಚ್. ಪರ್ತ್ ಯಾಕೆ ಅಂತ ಗಡಿಯಾರ ನೋಡಿದ್ರೆ ಗೊತ್ತಾಗತ್ತೆ. ಚಳಿಗಾಲದಲ್ಲಿ ಅದು ಸಿಡ್ನಿಗಿಂತ ಎರಡು ಗಂಟೆ ಹಿಂದೆ. ಅಲ್ಲಿ ಸಂಜೆ 7:30ಕ್ಕೆ ಮ್ಯಾಚ್ ಶುರುವಾದ್ರೆ ಸಿಡ್ನಿಯಲ್ಲಿ 9:30, ಬೇರೆ ಮ್ಯಾಚುಗಳೆಲ್ಲ ಮುಗಿಯೋ ಹೊತ್ತು. ಈ ನಡುವೆ ಫಾಕ್ಸ್‌ಟೆಲ್ಲೇ 2025ರಲ್ಲಿ ಡಾಝೋನ್ ಅನ್ನೋ ಸ್ಟ್ರೀಮಿಂಗ್ ಕಂಪನಿಗೆ ಮಾರಾಟ ಆಗಿದೆ, ಮೇಜಿನ ಆಚೆ ಕೂರೋ ಮುಖವೇ ಬದಲು.

ಊರಿಗೆ ಫೋನ್ ಮಾಡಿದಾಗ ಅಜ್ಜನಿಗೆ 2007ರ ಕಾಯ್ದೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಸರಿ ಬಿಡು, ಮುಂದಿನ ಸಲ ಬರುವಾಗ ದೊಡ್ಡ ಫೋನ್ ತಗೊಂಡ್ ಬಾ" ಅಂದ್ರು.