ಊರು ಮಲಗಿದರೂ ಟಿಸಿ ಮಲಗದು

ನಮ್ಮ ಕಡೆ ಟಿಸಿ, ಇಲ್ಲಿ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಡಿಪಿ, ಮರಾಠಿ ಪತ್ರಿಕೆಗಳಲ್ಲಿ ರೋಹಿತ್ರ. ಹೆಸರು ಯಾವುದಾದರೂ ಕೆಲಸ ಒಂದೇ: 11 ಸಾವಿರ ವೋಲ್ಟ್ ವಿದ್ಯುತ್ತನ್ನು ಮನೆಗೆ, ಪಂಪ್‌ಸೆಟ್‌ಗೆ ಒಗ್ಗುವಂತೆ ಇಳಿಸುವುದು. ಹನ್ನೊಂದು ವರ್ಷಗಳಿಂದ ಇಲ್ಲಿನ ಕಾರ್ಖಾನೆಯೊಂದರಲ್ಲಿ ಇವನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು.

ಈ ಕೆಲಸಕ್ಕೆ ಟ್ರಾನ್ಸ್‌ಫಾರ್ಮರ್ ಎರಡು ಬಗೆಯ ಕೂಲಿ ಕೇಳುತ್ತದೆ. ಒಂದು, ಸುರುಳಿಯ ತಂತಿ ಬಿಸಿಯಾಗಿ ಆಗುವ ನಷ್ಟ. ಲೋಡ್ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟಾಗುತ್ತದೆ. ಇನ್ನೊಂದು, ಒಳಗಿನ ಕೋರ್‌ನ ನಷ್ಟ. ಊರೆಲ್ಲ ದೀಪ ಆರಿಸಿ ಮಲಗಿದರೂ, ಲೈನ್‌ನಲ್ಲಿ ವಿದ್ಯುತ್ ಇರುವಷ್ಟು ಹೊತ್ತು ಇದು ನಿಲ್ಲುವುದಿಲ್ಲ.

ಈ ಎರಡನೇ ನಷ್ಟವನ್ನು ಕಡಿಮೆ ಮಾಡುವ ದಾರಿ ಇದೆ. ಸಾಮಾನ್ಯ ಕೋರ್‌ನ ಸಿಲಿಕಾನ್ ಉಕ್ಕಿನ ತಗಡು ಸುಮಾರು ಕಾಲು ಮಿಲಿಮೀಟರ್ ದಪ್ಪ. ಕರಗಿದ ಲೋಹವನ್ನು ಕ್ಷಣಾರ್ಧದಲ್ಲಿ ತಣಿಸಿ ಮಾಡುವ ಅಮಾರ್ಫಸ್ ಪಟ್ಟಿ ಅದರ ಹತ್ತನೇ ಒಂದರಷ್ಟು ತೆಳು. ಇದರಲ್ಲಿ ಕೋರ್ ನಷ್ಟ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಆದರೆ ಪಟ್ಟಿ ಬಲು ಪೆಡಸು, ಕೋರ್‌ನ ಗಾತ್ರ ದೊಡ್ಡದು, ಬೆಲೆಯೂ ಹೆಚ್ಚು.

ತಕರಾರು ಶುರುವಾಗುವುದೇ ಬೆಲೆಯಲ್ಲಿ. 2014ರ ಐಎಸ್ 1180 ಮಾನಕದ ಪ್ರಕಾರ 100 ಕೆವಿಎ ಟ್ರಾನ್ಸ್‌ಫಾರ್ಮರ್ ಅರ್ಧ ಲೋಡ್‌ನಲ್ಲಿದ್ದಾಗ ಒಟ್ಟು ನಷ್ಟ ಮೊದಲ ಹಂತದಲ್ಲಿ 520 ವಾಟ್, ಮೂರನೇ ಹಂತದಲ್ಲಿ 435 ವಾಟ್ ಮೀರಬಾರದು. ವ್ಯತ್ಯಾಸ 85 ವಾಟ್, ಒಂದು ಹಳೆಯ ಬಲ್ಬಿನಷ್ಟು. ಆದರೆ ವರ್ಷವಿಡೀ ಹಾಗೆಯೇ ನಡೆದರೆ ಸುಮಾರು 745 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 25 ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಟೆಂಡರ್‌ನಲ್ಲಿ ಖರೀದಿ ಬೆಲೆಯನ್ನಷ್ಟೇ ನೋಡಿದರೆ ಈ ಲಕ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಅದು ಬಂದು ಕೂರುವುದು ಗ್ರಾಹಕರ ಬಿಲ್ಲಿನ ಮೇಲೆಯೇ.

ರಿಪೇರಿಯದು ಇನ್ನೊಂದು ಕತೆ. ಸುಟ್ಟ ಟಿಸಿಯನ್ನು ಬಿಚ್ಚಿ, ಕೋರ್‌ನ ತಗಡುಗಳನ್ನು ಒರಟಾಗಿ ಮರುಜೋಡಿಸಿದರೆ ಸಂದುಗಳು ಸಡಿಲವಾಗಿ ನಷ್ಟ ಏರುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದು. ಲೋಡ್ ಇಲ್ಲದೆ ವೋಲ್ಟೇಜ್ ಕೊಟ್ಟು ವಾಟ್‌ಮೀಟರ್ ನೋಡಿದರೆ ಅದರ ನಿಜ ಬಣ್ಣ ಬಯಲಾಗುತ್ತದೆ.

ನಮ್ಮಲ್ಲಿ ಎಷ್ಟೋ ಜನ ಪುಣೆ, ಹೈದರಾಬಾದ್, ಚೆನ್ನೈಗಳ ದೊಡ್ಡ ವಸತಿ ಸಮುಚ್ಚಯಗಳಲ್ಲಿದ್ದೇವೆ. ಕೆಲವೆಡೆ ಟ್ರಾನ್ಸ್‌ಫಾರ್ಮರ್ ಸೊಸೈಟಿಯದೇ ಆಗಿರುತ್ತದೆ. ಬದಲಿಸುವ ಮಾತು ಬಂದಾಗ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಸ್ಟಾರ್ ಎಷ್ಟು? ಲೋಡ್ ಇಲ್ಲದಾಗಿನ ನಷ್ಟ ಎಷ್ಟು ವಾಟ್? ಪರೀಕ್ಷಾ ವರದಿ ಎಲ್ಲಿದೆ? ಊರಿಗೆ ಫೋನ್ ಮಾಡಿದಾಗ, ರಿಪೇರಿಯಾಗಿ ಬಂದ ಟಿಸಿಯ ಬಗ್ಗೆ ಕೊನೆಯ ಪ್ರಶ್ನೆಯನ್ನು ಲೈನ್‌ಮನ್‌ಗೆ ಕೇಳಲು ಅಣ್ಣನಿಗೂ ಹೇಳಿಕೊಡಿ.