ಗರಿಯಿಂದಲೋ, ಗರಿಯ ಮೇಲೋ?

ಹಳಗನ್ನಡ ಕವಿಗಳ ಚಿತ್ರ ಬರೆಯುವವರು ಎಷ್ಟೋ ಸಲ ಮುಂದೆ ತಾಳೆಗರಿ ಹರಡಿ, ಕೈಗೆ ನವಿಲುಗರಿ ಕೊಡುತ್ತಾರೆ. ನೋಡಲು ಚೆಂದ. ಆದರೆ ಆ ಗರಿಯಿಂದ ಈ ಗರಿಯ ಮೇಲೆ ಬರೆಯುವ ಪದ್ಧತಿ ಇಲ್ಲಿರಲಿಲ್ಲ.

ಹಕ್ಕಿಯ ಪುಕ್ಕಕ್ಕೂ ತಾಳೆ, ತೆಂಗಿನ ಎಲೆಗೂ ಕನ್ನಡದಲ್ಲಿ ಗರಿ ಎಂದೇ ಹೆಸರು. ಯುರೋಪಿನವರು ಗರಿಯಿಂದ ಬರೆದರು. ಕನ್ನಡಿಗರು ಗರಿಯ ಮೇಲೆ ಬರೆದರು. ಅಲ್ಲಿ ಹೆಬ್ಬಾತಿನ ರೆಕ್ಕೆಗರಿಯ ಟೊಳ್ಳು ಬುಡವನ್ನು ಚೂಪಾಗಿ ಕತ್ತರಿಸಿ, ತುದಿ ಸೀಳಿ, ಶಾಯಿಯಲ್ಲಿ ಅದ್ದುತ್ತಿದ್ದರು. ಅದೇ ‘ಕ್ವಿಲ್’. ಆ ಪದಕ್ಕೆ ಮೊದಲಿದ್ದ ಅರ್ಥ ಟೊಳ್ಳು ಕಡ್ಡಿ. ‘ಪೆನ್’ ಕೂಡ ಗರಿ ಎಂಬರ್ಥದ ಲ್ಯಾಟಿನ್ ‘ಪೆನ್ನಾ’ದಿಂದ ಬಂದದ್ದು.

‘ಲೇಖನಿ’ಗೆ ಹಕ್ಕಿಯ ನಂಟಿಲ್ಲ. ಸಂಸ್ಕೃತದ ‘ಲಿಖ್’ ಧಾತುವಿಗೆ ಗೀರುವುದು ಎಂಬುದೇ ಮೂಲಾರ್ಥ. ‘ಕಂಠ’ವೆಂಬ ಕಬ್ಬಿಣದ ಮೊನೆಯಿಂದ ಓಲೆಯ ಮೇಲೆ ಅಕ್ಷರ ಗೀರಿ, ಕಾಡಿಗೆ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಂತು ಬರಹ ಮೂಡುತ್ತಿತ್ತು.

ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು ಬಂಡೆಯ ಮೇಲೆ ಇಂದಿಗೂ ನಿಂತಿವೆ. ತಿರುಳ್ಗನ್ನಡದ ಊರುಗಳಲ್ಲಿ ಕೊಪಣವನ್ನೂ ಎಣಿಸಿದ 9ನೇ ಶತಮಾನದ ‘ಕವಿರಾಜಮಾರ್ಗ’ಕ್ಕೆ ಬಂಡೆಯ ಆಸರೆ ಇರಲಿಲ್ಲ. ಹುಳು ತಿನ್ನುವ ಓಲೆಯಿಂದ ಹೊಸ ಓಲೆಗೆ ಯಾರೋ ಮತ್ತೆ ಮತ್ತೆ ಗೀರಿ ಇಳಿಸಿದ್ದರಿಂದ ಅದು ಉಳಿಯಿತು. ಪ್ರತಿ ಮಾಡುವವರಿಲ್ಲದ ಕೃತಿ ಓಲೆಯೊಂದಿಗೇ ಪುಡಿಯಾಯಿತು.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಯಾವುದೇ ಹಳೆಯ ಮನೆಯ ಅಟ್ಟದಲ್ಲಿ ಓಲೆಯ ಕಟ್ಟು ಸಿಕ್ಕರೆ ಅದನ್ನು ಒಲೆಗೋ ಹೊಳೆಗೋ ಹಾಕಬೇಕಿಲ್ಲ. ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ.