ವಿದ್ಯುತ್ ಗಿಟಾರಿನ ಹದ

ಕಡಮೆ ಬೆಲೆಯ ವಿದ್ಯುತ್ ಗಿಟಾರೊಂದನ್ನು ಕೊಂಡು ತಂದ ವಿದ್ಯಾರ್ಥಿಗೆ ಮೊದಲ ವಾರದಲ್ಲಿಯೇ ನಿರಾಶೆಯುಂಟಾಗುವುದುಂಟು. ತಂತಿಗಳನ್ನು ಒತ್ತಿದರೆ ಬೆರಳ ತುದಿ ನೋಯುತ್ತದೆ. ಬಿಡಿತಂತಿಗಳ ಶ್ರುತಿ ಸರಿಯಾಗಿದ್ದರೂ ಒತ್ತಿ ನುಡಿಸಿದ ಸ್ವರಗಳು ಹೊಂದಿಕೊಳ್ಳುವುದಿಲ್ಲ. ಅಲ್ಲಲ್ಲಿ ಝರ್ರೆನ್ನುವ ಸದ್ದು ಬೇರೆ. ತನ್ನ ಬೆರಳು ಇದಕ್ಕೆ ಒಗ್ಗದು, ತನ್ನ ಕಿವಿ ಸಂಗೀತಕ್ಕೆ ತಕ್ಕುದಲ್ಲ ಎಂದು ಅವನು ವಾದ್ಯವನ್ನು ಮೂಲೆಗಿಡುತ್ತಾನೆ. ಆದರೆ ಅನೇಕ ವೇಳೆ ತಪ್ಪು ಬೆರಳಿನದೂ ಅಲ್ಲ, ಕಿವಿಯದೂ ಅಲ್ಲ. ವಾದ್ಯವು ಹದಕ್ಕೆ ಬಂದಿರುವುದಿಲ್ಲ, ಅಷ್ಟೆ. ಈ ಹದವೆಂದರೇನು, ಅದರ ಹಿಂದಿರುವ ಭೌತವಿಜ್ಞಾನವೇನು ಎಂಬುದನ್ನು ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ 1950ರಲ್ಲಿ ಮಾರಾಟಕ್ಕೆ ತಂದ ಗಿಟಾರಿಗೆ ಟೊಳ್ಳಾದ ಒಡಲಿರಲಿಲ್ಲ. ಗಟ್ಟಿ ಮರದ ಹಲಗೆಗೆ ದಂಡಿಯನ್ನು ತಿರುಪುಗಳಿಂದ ಬಿಗಿದಿದ್ದರು. ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಎಳೆಯ ಸುರುಳಿಯೂ ಇದ್ದವು. ಉಕ್ಕಿನ ತಂತಿಯು ಕಂಪಿಸಿದಂತೆಲ್ಲ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಬದಲಾಗಿ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಷ್ಟು ಸರಳವಾದ ರಚನೆಯನ್ನು ಯಂತ್ರಗಳಿಂದ ಹೇರಳವಾಗಿ ತಯಾರಿಸಬಹುದು. 1982ರಿಂದ ಫೆಂಡರ್ ಕಂಪೆನಿಯು ಸ್ಕ್ವಯರ್ ಎಂಬ ಹೆಸರಿನಲ್ಲಿ ಅಗ್ಗದ ಗಿಟಾರುಗಳನ್ನು ಜಪಾನಿನಲ್ಲಿ ಮಾಡಿಸತೊಡಗಿತು. ಮುಂದೆ ಈ ಕೆಲಸ ಚೀನ, ಇಂಡೊನೇಷ್ಯಗಳಿಗೂ ಹಬ್ಬಿತು. ಗಣಕಯಂತ್ರದ ಹತೋಟಿಯಲ್ಲಿ ಮರ ಕೊರೆಯುವ ಯಂತ್ರಗಳು ಅಗ್ಗದ ವಾದ್ಯವನ್ನೂ ಅಚ್ಚುಕಟ್ಟಾಗಿ ಕೊರೆಯಬಲ್ಲವು. ಬೆಲೆಯನ್ನು ಇಳಿಸುವಾಗ ಹೆಚ್ಚಾಗಿ ಕಡಿತವಾಗುವುದು ಕೊಟ್ಟಕೊನೆಯ ಕೈಕೆಲಸಕ್ಕೆ ಮೀಸಲಾದ ಹೊತ್ತು.

ದಂಡಿಯ ಮೇಲಿರುವ ಲೋಹದ ಅಡ್ಡಗೆರೆಗಳಿಗೆ ಫ್ರೆಟ್ ಎಂದು ಹೆಸರು. ಬಿಗಿತ ಬದಲಾಗದಿದ್ದರೆ ತಂತಿಯ ಕಂಪನಗಳ ಸಂಖ್ಯೆಯು ಅದರ ಉದ್ದಕ್ಕೆ ವಿಲೋಮವಾಗಿರುತ್ತದೆ. ಒಂದು ಸ್ಥಾಯಿಯನ್ನು 12 ಸಮಪಾಲುಗಳಾಗಿ ಮಾಡಬೇಕಾದುದರಿಂದ ಪ್ರತಿಯೊಂದು ಫ್ರೆಟ್ಟೂ ತಂತಿಯ ಉದ್ದವನ್ನು 1.05946ರಿಂದ ಭಾಗಿಸಬೇಕು. ಈ ಸಂಖ್ಯೆಯನ್ನು 12 ಬಾರಿ ಗುಣಿಸಿದರೆ 2 ಬರುತ್ತದೆ. ತಂತಿಯ ಉದ್ದ 648 ಮಿಲಿಮೀಟರಾದರೆ ಮೊದಲನೆಯ ಫ್ರೆಟ್ಟು ತುದಿಯಿಂದ 36.4 ಮಿಲಿಮೀಟರು ದೂರದಲ್ಲಿಯೂ ಹನ್ನೆರಡನೆಯದು ಸರಿಯಾಗಿ ನಡುವೆ, ಅಂದರೆ 324 ಮಿಲಿಮೀಟರಿನಲ್ಲಿಯೂ ಇರಬೇಕು.

ಲೆಕ್ಕವೇನೋ ಸರಿ, ಆದರೆ ಇಲ್ಲೊಂದು ತೊಡಕಿದೆ. ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ಕೊಂಚ ಹಿಗ್ಗಿ ಬಿಗಿತ ಹೆಚ್ಚುತ್ತದೆ. ಸ್ವರವೂ ಲೆಕ್ಕಕ್ಕಿಂತ ಮೇಲೇರುತ್ತದೆ. ತಂತಿ ಎತ್ತರದಲ್ಲಿದ್ದಷ್ಟೂ ಈ ದೋಷ ಹೆಚ್ಚು. ನಮ್ಮ ವೀಣೆಯಲ್ಲಾದರೆ ಮೇಳ ಕಟ್ಟುವವರು ಮೆಟ್ಟುಗಳನ್ನೇ ಮೇಣದಲ್ಲಿ ಸರಿಸಿ, ಕಿವಿಗೊಟ್ಟು ಕೇಳಿ ನಿಲ್ಲಿಸುತ್ತಾರೆ. ಗಿಟಾರಿನ ಫ್ರೆಟ್ಟುಗಳು ಅಲುಗುವಂತಿಲ್ಲ. ಆದುದರಿಂದ ಇನ್ನೊಂದು ತುದಿಯಲ್ಲಿರುವ ಕುದುರೆಯನ್ನೇ ಹಿಂದಕ್ಕೆ ಸರಿಸಿ, ತಂತಿಯನ್ನು ತುಸು ಉದ್ದಮಾಡಬೇಕು. ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ಆರು ತಂತಿಗಳಿಗೂ ಬೇರೆಬೇರೆಯಾಗಿ ಸರಿಸಬಲ್ಲ ಆರು ಪುಟ್ಟ ಕುದುರೆಗಳಿದ್ದವು. ಇಂದು ಅದೇ ಬಗೆಯ ಏರ್ಪಾಟು ಅಗ್ಗದ ಗಿಟಾರುಗಳಲ್ಲಿಯೂ ಇದೆ. ಆದರೆ ತಿರುಪುಗಳಿರುವುದು ಬೇರೆ, ಅವುಗಳನ್ನು ಸರಿಯಾಗಿ ತಿರುಗಿಸಿರುವುದು ಬೇರೆ.

ಬಲ್ಲ ಕಸುಬುದಾರನು ಮೊದಲು ನೋಡುವುದು ದಂಡಿಯನ್ನು. ಆರು ತಂತಿಗಳೂ ಸೇರಿ ಸುಮಾರು 45 ಕಿಲೋಗ್ರಾಂ ಭಾರದಷ್ಟು ಬಲದಿಂದ ಅದನ್ನು ಬಾಗಿಸಲೆಳೆಯುತ್ತಿರುತ್ತವೆ. ಇದಕ್ಕೆದುರಾಗಿ ದಂಡಿಯೊಳಗೆ ಉಕ್ಕಿನ ಸಲಾಕಿಯೊಂದಿದೆ. ಕಂಪಿಸುವ ತಂತಿ ನಡುವೆ ಹೆಚ್ಚು ಓಲಾಡುವುದರಿಂದ ದಂಡಿಯ ನಡುವೆ ಕಾಲು ಮಿಲಿಮೀಟರಿನಷ್ಟು ತಗ್ಗು ಇರಬೇಕು. ಸಲಾಕಿಯ ತಿರುಪಿನಿಂದ ಅದನ್ನು ಸಾಧಿಸುತ್ತಾರೆ. ಬಳಿಕ ದಂಡಿಯ ತುದಿಯಲ್ಲಿ ತಂತಿಗಳು ಹಾಯುವ ಗಾಡಿಗಳ ಆಳ. ಹೊಸಬರ ಬೆರಳನ್ನು ನೋಯಿಸುವುದೂ ಮೊದಲ ಫ್ರೆಟ್ಟುಗಳ ಸ್ವರವನ್ನು ಕೆಡಿಸುವುದೂ ಬಹುವೇಳೆ ಇವೇ. ಅನಂತರ ಕುದುರೆಯ ಎತ್ತರ. ತೀರ ಇಳಿಸಿದರೆ ತಂತಿ ಫ್ರೆಟ್ಟುಗಳಿಗೆ ತಾಗಿ ಝರ್ರೆನ್ನುತ್ತದೆ. ಏರಿಸಿದರೆ ಬೆರಳಿಗೆ ಶ್ರಮ. ಅಯಸ್ಕಾಂತವು ತಂತಿಗೆ ಅತಿ ಸಮೀಪವಿದ್ದರೂ ಅದರ ಸೆಳೆತದಿಂದ ಕಂಪನ ಕೆಡುತ್ತದೆ. ಮೇಲಿನ ಒಂದೊಂದು ತಿದ್ದುಪಾಟೂ ಒತ್ತಿದ ಸ್ವರವನ್ನು ಬದಲಿಸುವುದರಿಂದ ಕುದುರೆಯನ್ನು ಹಿಂದುಮುಂದಾಗಿ ಸರಿಸುವ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ.

ಈ ಕೊನೆಯ ಪರೀಕ್ಷೆಯನ್ನು ವಾಚಕರೂ ಮಾಡಿ ನೋಡಬಹುದು. ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಗೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದರೆ ಮೇಲಿನ ಸ್ಥಾಯಿಯ ಸ್ವರ ಕೇಳುತ್ತದೆ. ಈಗ ಅಲ್ಲಿಯೇ ಒತ್ತಿ ಮೀಟಿರಿ. ಎರಡೂ ಒಂದೇ ಆಗಿರಬೇಕು. ಒತ್ತಿದ ಸ್ವರ ಮೇಲಿದ್ದರೆ ಕುದುರೆ ಹಿಂದೆ ಸರಿಯಬೇಕು, ಕೆಳಗಿದ್ದರೆ ಮುಂದೆ.

ಹದಗೊಳಿಸುವುದರಿಂದ ಎಲ್ಲವೂ ನೆಟ್ಟಗಾಗುತ್ತದೆಂದು ತಿಳಿಯಬಾರದು. ತಿರುಚಿಕೊಂಡ ದಂಡಿ, ತಪ್ಪಿದ ಜಾಗದಲ್ಲಿ ಕೂತ ಫ್ರೆಟ್ಟು, ಶ್ರುತಿ ನಿಲ್ಲಿಸದ ಬಿರಡೆ ಇವುಗಳಿಗೆ ಬೇರೆ ಚಿಕಿತ್ಸೆಯೇ ಬೇಕು. ಕೆಲವಕ್ಕೆ ಚಿಕಿತ್ಸೆಯೇ ಇಲ್ಲ. ಮರವು ಗಾಳಿಯ ತೇವವನ್ನು ಹೀರಿ ಬಿಡುವುದರಿಂದ ಇಂದಿನ ಹದ ಮಳೆಗಾಲ ಕಳೆಯುವವರೆಗೆ ಉಳಿಯದಿರಬಹುದು. ದಪ್ಪ ಬೇರೆಯಾದ ತಂತಿಗಳನ್ನು ಕಟ್ಟಿದರೂ ಬಿಗಿತ ಬದಲಾಗಿ ಮತ್ತೆ ಹದಗೊಳಿಸಬೇಕಾಗುತ್ತದೆ.

ಆದುದರಿಂದ ಗಿಟಾರಿಗೆಂದು ಹಣ ಕೂಡಿಸುವ ವಿದ್ಯಾರ್ಥಿಯು ಅದರಲ್ಲಿ ಒಂದು ಪಾಲನ್ನು ಕಸುಬುದಾರನಿಗೆಂದು ಮೊದಲೇ ತೆಗೆದಿಡುವುದು ಲೇಸು. ತನ್ನ ಕೈಯನ್ನೂ ಕಿವಿಯನ್ನೂ ಹಳಿದುಕೊಳ್ಳುವ ಮುನ್ನ ವಾದ್ಯವನ್ನೊಮ್ಮೆ ಪರೀಕ್ಷಿಸಲಿ. ಮೂಲೆ ಸೇರಿದ ಎಷ್ಟೋ ಗಿಟಾರುಗಳಿಗೂ ಸಂಗೀತಕ್ಕೂ ನಡುವೆ ಇರುವ ಅಂತರ ಕೆಲವೇ ಮಿಲಿಮೀಟರುಗಳು.